ಕಲ್ಲು 1.62 ಮೀಟರ್ ಸರಿದದ್ದು ಹೇಗೆ: ಹಿರಿಯಡ್ಕ ಕಡೆಯ ಒಂದು ತೋಟದ ಪ್ರಕರಣ

2024ರ ಮಾರ್ಚ್ ಕೊನೆಯ ವಾರ. ಬೆಳಿಗ್ಗೆ ಏಳಕ್ಕೇ ಫೋನು. "ನಿಮ್ಮ ನಕ್ಷೆ ಹಿಡ್ಕೊಂಡು ಬಂದು ನನ್ನ ಅಡಿಕೆ ಸಾಲಿನ ಒಳಗೆ ಕಲ್ಲು ಹಾಕಿದ್ದಾರೆ ಮಾರಾಯ್ರೆ. ಒಮ್ಮೆ ಬಂದು ನೋಡಿ."

ಫೋನ್ ಮಾಡಿದವರು ಹಿರಿಯಡ್ಕದಿಂದ ಸ್ವರ್ಣಾ ನದಿಯ ಕಡೆಗೆ ಇಳಿಯುವ ಗುಡ್ಡೆಯಲ್ಲಿ ತೋಟ ಮಾಡಿಕೊಂಡಿರುವ ಹಿರಿಯರು. 2021ರಲ್ಲಿ ಅವರ 6 ಎಕರೆ 40 ಸೆಂಟ್ಸ್ ಜಾಗವನ್ನು ನಾನೇ ಅಳೆದು ಕೊಟ್ಟಿದ್ದೆ. ಸರಕಾರಿ ಮೋಜಣಿ ಅಲ್ಲ, ಸ್ಪ್ರಿಂಕ್ಲರ್ ಪೈಪ್ ಹಾಕಲಿಕ್ಕೆ ಮಾಡಿಸಿದ ಖಾಸಗಿ ಸರ್ವೆ. ನಕ್ಷೆಯ ಬಲಗಡೆ ಗಡಿಕಲ್ಲುಗಳ ಕೋಆರ್ಡಿನೇಟ್ (ಜಾಗ ಗುರುತಿಸುವ ಅಂಕಿ) ಪಟ್ಟಿ ಹಾಕಿದ್ದೆ. ಮಿಲಿಮೀಟರ್‌ವರೆಗೆ, ಮೂರು ದಶಾಂಶ. ನೋಡಲಿಕ್ಕೆ ಚಂದ ಕಾಣುತ್ತದೆ ಅಂತ.

ಪಶ್ಚಿಮದ ನೆರೆಯವರು ಆ ವರ್ಷ ಕಾಂಪೌಂಡ್ ಕಟ್ಟಲು ಹೊರಟರು. ಜೆಸಿಬಿ ಕೆಲಸದಲ್ಲಿ ಮೂಲೆಯ ಒಂದು ಗಡಿಕಲ್ಲು ಕಿತ್ತು ಹೋಯಿತು. ಅವರು ಒಳ್ಳೆಯ ಮನಸ್ಸಿನಿಂದಲೇ ನನ್ನ ನಕ್ಷೆಯ ಪ್ರತಿ ಕೇಳಿ ಪಡೆದು, ಬೇರೊಬ್ಬ ಸರ್ವೆಯರನ್ನು ಕರೆಸಿ, ಪಟ್ಟಿಯಲ್ಲಿದ್ದ ಕೋಆರ್ಡಿನೇಟ್ ಪ್ರಕಾರ ಹೊಸ ಕಲ್ಲು ಹಾಕಿಸಿದರು. ಆ ಸರ್ವೆಯರ್ ಬಳಸಿದ್ದು ಕಾರ್ಸ್ ಜಾಲ, ಅಂದರೆ ಜಿಪಿಎಸ್ ಅಳತೆಯನ್ನು ತಿದ್ದಿಕೊಡುವ ಕಾಯಂ ಸ್ಟೇಷನ್ನುಗಳ ಜಾಲ. ಸ್ಕ್ರೀನಿನಲ್ಲಿ "ಫಿಕ್ಸ್ಡ್" (ಅಳತೆ ಸೆಂಟಿಮೀಟರ್ ಮಟ್ಟಕ್ಕೆ ಕೂತಿದೆ ಅನ್ನುವ ಗುರುತು) ಅಂತ ಬಂದದ್ದನ್ನು ಇಬ್ಬರು ಯಜಮಾನರಿಗೂ ತೋರಿಸಿದ್ದರಂತೆ. ಕಲ್ಲು ಮಾತ್ರ ತೋಟದ ಒಳಗೆ ಬಂತು.

ನಾನು ಹೋಗಿ ಮೊದಲು ಮಾಡಿದ್ದು ಟೇಪ್ ಹಿಡಿದದ್ದು. 2021ರ ಫೀಲ್ಡ್ ಪುಸ್ತಕದಲ್ಲಿ ಆ ಮೂಲೆಗೆ ಬಾವಿಕಟ್ಟೆಯಿಂದ 14.20 ಮೀಟರ್ ಅಂತ ಬರೆದಿದ್ದೆ. ಹೊಸ ಕಲ್ಲಿಗೆ ಹಿಡಿದರೆ 12.75. ಬಾವಿ ನಡೆಯುವುದಿಲ್ಲ. ಹಾಗಾದರೆ ಕಲ್ಲು ಹಳೇ ಜಾಗದಲ್ಲಿ ಇಲ್ಲ. ಇಷ್ಟಕ್ಕೇ ಜಗಳ ಮುಗಿಸಬಹುದಿತ್ತು. ಆದರೆ ನೆರೆಯವರು ಒಂದು ನ್ಯಾಯವಾದ ಪ್ರಶ್ನೆ ಕೇಳಿದರು: "ನಂಬರ್ ಕೊಟ್ಟದ್ದು ನೀವು. ನಾವು ನಿಮ್ಮ ನಂಬರಿಗೇ ಹಾಕಿದ್ದು. ಈಗ ಟೇಪ್ ಸರಿ ಅಂತೀರಿ. ಹಾಗಾದ್ರೆ ನಂಬರ್ ಎಂಥಕ್ಕೆ?"

ಉತ್ತರ ಇರಲಿಲ್ಲ. ಅದೇ ಜಾಲಕ್ಕೆ ನನ್ನ ಉಪಕರಣವನ್ನೂ ಸೇರಿಸಿ, ಉಳಿದ ಹಳೇ ಕಲ್ಲುಗಳನ್ನು ಅಳೆದು ನೋಡದೆ ಬೇರೆ ದಾರಿ ಇರಲಿಲ್ಲ.

ಕಾರ್ಸ್ ಅಂದರೆ

ಗೊತ್ತಿದ್ದವರು ಈ ಭಾಗ ಹಾರಿಸಬಹುದು. ಸುಮ್ನೆ ಒಂದು ಜಿಪಿಎಸ್ ಇಟ್ಟರೆ ಸಿಗುವ ಜಾಗ ಕೆಲವು ಮೀಟರ್ ಆಚೀಚೆ ಇರುತ್ತದೆ. ಉಪಗ್ರಹದ ಗಡಿಯಾರ, ಕಕ್ಷೆ, ನಡುವಿನ ಗಾಳಿ ಎಲ್ಲ ಸೇರಿ ಆಗುವ ತಪ್ಪು ಅದು. ಗೊತ್ತಿರುವ ಜಾಗದಲ್ಲಿ ಇನ್ನೊಂದು ರಿಸೀವರ್ (ಇದಕ್ಕೆ ಬೇಸ್ ಅನ್ನುತ್ತಾರೆ) ಇಟ್ಟರೆ ಆ ಹೊತ್ತಿಗೆ ತಪ್ಪು ಎಷ್ಟು ಅಂತ ತಿಳಿಯುತ್ತದೆ. ಅದನ್ನು ನಮ್ಮ ಕೈಲಿರುವ ರೋವರಿಗೆ, ಅಂದರೆ ಹಿಡಿದುಕೊಂಡು ಓಡಾಡಿ ಅಳೆಯುವ ರಿಸೀವರಿಗೆ, ಕಳಿಸಿದರೆ ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ಹಿಂದೆ ಆ ಇನ್ನೊಂದು ರಿಸೀವರನ್ನು ನಾವೇ ಹೊತ್ತು ತಂದು, ಬ್ಯಾಟರಿ ಕಟ್ಟಿ, ರೇಡಿಯೋ ಆಂಟೆನಾ ಎತ್ತಿ, ಅದನ್ನು ಕಾಯಲಿಕ್ಕೆ ಒಬ್ಬ ಹುಡುಗನನ್ನು ಕೂರಿಸುತ್ತಿದ್ದೆವು. ಈಗ ಸರ್ವೆ ಆಫ್ ಇಂಡಿಯಾ ದೇಶದ ಉದ್ದಗಲಕ್ಕೆ ಇಂಥ ಕಾಯಂ ಸ್ಟೇಷನ್‌ಗಳನ್ನು ನಿಲ್ಲಿಸಿದೆ. ಹಗಲೂ ರಾತ್ರಿ ಓಡುತ್ತಲೇ ಇರುತ್ತವೆ. ಅದೇ ಕಾರ್ಸ್. ಈ ಕೆಲಸ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೆಸರು ನೋಂದಾಯಿಸಿ ಲಾಗಿನ್ ಪಡೆದರೆ ತಿದ್ದುಪಡಿ ಇಂಟರ್ನೆಟ್ ಮೂಲಕ ಬರುತ್ತದೆ.

ಸರ್ವೆ ಆಫ್ ಇಂಡಿಯಾ ಹುಟ್ಟಿದ್ದು 1767ರಲ್ಲಿ. ಕರಾವಳಿಗೂ ಅಳತೆಗೂ ಹಳೇ ನಂಟು ಉಂಟು. ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಸರಪಳಿ ಎಳೆದು ಶುರುಮಾಡಿದ ತ್ರಿಕೋನಗಳ ಸಾಲು ಕೆಲವೇ ವರ್ಷಗಳಲ್ಲಿ ಮಂಗಳೂರಿನ ಕಡಲ ತನಕ ಬಂದಿತ್ತು. ಲೆಕ್ಕ ಹಾಕಿ ನೋಡಿದರೆ ಎರಡು ಕರಾವಳಿಗಳ ನಡುವಿನ ದೂರ 400 ಮೈಲಿ ಅಲ್ಲ, ಸುಮಾರು 360 ಮೈಲಿ! ಹಳೇ ನಕ್ಷೆಗಳಲ್ಲಿ 40 ಮೈಲಿ ಜಾಸ್ತಿ ಇತ್ತು. ನನ್ನ 1.62 ಮೀಟರ್ ನೆನೆದು ಬೇಜಾರಾದಾಗ ಇದನ್ನು ನೆನಪು ಮಾಡಿಕೊಳ್ಳುತ್ತೇನೆ.

ಸಂಪರ್ಕವೇ ಸಿಗದ ದಿನ

ನನ್ನ ರೋವರ್ 2012ರ ಆಸುಪಾಸಿನ ಮಾಡೆಲ್. 2018ರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಒಳಗೆ ಸಿಮ್ ಹಾಕುವ ಜಾಗ ಇದೆ. ಇದೆ ಅಂತ ಸಿಮ್ ಹಾಕಿದೆ. ಅರ್ಧ ಗಂಟೆ ಕಾದರೂ ನೆಟ್‌ವರ್ಕ್ ಹಿಡಿಯಲಿಲ್ಲ. ಆಮೇಲೆ ಹೊಳೆಯಿತು. ಒಳಗಿನ ಮೋಡೆಮ್ 3ಜಿ ಕಾಲದ್ದು. ಜಿಯೋದಲ್ಲಿ 2ಜಿಯೂ ಇಲ್ಲ, 3ಜಿಯೂ ಇಲ್ಲ. ಏರ್‌ಟೆಲ್ 2020ರಲ್ಲೇ 3ಜಿ ಮುಚ್ಚಿದೆ. ಹಳೇ ಉಪಕರಣ ಇಟ್ಟುಕೊಂಡವರು ಇಲ್ಲಿ ತಲೆ ಕೆಡಿಸಿಕೊಳ್ಳುವುದು ಬೇಡ. ಸಿಮ್ ತೆಗೆದಿಡಿ. ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಕಂಟ್ರೋಲರನ್ನು (ರೋವರನ್ನು ನಡೆಸುವ ಕೈಯಂತ್ರ) ಅದಕ್ಕೆ ಸೇರಿಸಿ. ತಿದ್ದುಪಡಿ ಮೊದಲು ಕಂಟ್ರೋಲರಿಗೆ ಬಂದು, ಅಲ್ಲಿಂದ ಬ್ಲೂಟೂತ್‌ನಲ್ಲಿ ರಿಸೀವರಿಗೆ ಹೋಗಲಿ.

ಇಂಟರ್ನೆಟ್ ಬಂತು. ಇನ್ನು ಎನ್‌ಟ್ರಿಪ್. ತಿದ್ದುಪಡಿಯನ್ನು ಇಂಟರ್ನೆಟ್‌ನಲ್ಲಿ ಸಾಗಿಸುವ ರೀತಿಗೆ ಈ ಹೆಸರು. ಜರ್ಮನಿಯ ನಕ್ಷೆ ಇಲಾಖೆ ರೂಪಿಸಿದ್ದು, 2004ರಲ್ಲಿ ಮಾನಕ ಆಯಿತು. ಕೆಲಸ ಮಾಡುವುದು ನಮ್ಮ ಬ್ರೌಸರ್ ಪುಟ ತರಿಸಿಕೊಳ್ಳುವ ಹಾಗೇ. ಸರ್ವರಿನ ವಿಳಾಸ, ಪೋರ್ಟ್ ನಂಬರ್ (ಸಾಮಾನ್ಯವಾಗಿ 2101), ಯೂಸರ್ ನೇಮ್, ಪಾಸ್‌ವರ್ಡ್ ತುಂಬಬೇಕು. ಸರ್ವರ್ ಒಂದು ಪಟ್ಟಿ ಕಳಿಸುತ್ತದೆ. ಅದರಲ್ಲಿ ಒಂದೊಂದು ಸಾಲೂ ಒಂದೊಂದು ಮೌಂಟ್‌ಪಾಯಿಂಟ್, ಅಂದರೆ ಒಂದೊಂದು ಬಗೆಯ ತಿದ್ದುಪಡಿ ಸಿಗುವ ನಲ್ಲಿ.

ಪಟ್ಟಿ ಬಂತು ಅಂತ ಖುಷಿಪಟ್ಟೆ. ಒಂದನ್ನು ಒತ್ತಿದೆ. 401, ಪರವಾನಗಿ ಇಲ್ಲ. ಪಟ್ಟಿ ನೋಡಲಿಕ್ಕೆ ಪಾಸ್‌ವರ್ಡ್ ಬೇಡ ಅನ್ನುವುದು ಆಗ ತಿಳಿಯಿತು. ಹಾಗಾಗಿ ಪಟ್ಟಿ ಬಂದ ಮಾತ್ರಕ್ಕೆ ಲಾಗಿನ್ ಸರಿ ಇದೆ ಅಂತ ಅಲ್ಲ. ತಪ್ಪು ನನ್ನದೇ. ಪಾಸ್‌ವರ್ಡನ್ನು ಮೆಸೇಜಿನಿಂದ ಕಾಪಿ ಮಾಡಿದಾಗ ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಕಣ್ಣಿಗೆ ಕಾಣದ ತಪ್ಪು. ಕೈಯಲ್ಲೇ ಟೈಪ್ ಮಾಡಿದೆ, ಒಳಗೆ ಬಿಟ್ಟಿತು.

ಬಿಟ್ಟಿತು, ಆದರೆ ಡೇಟಾ ಸೊನ್ನೆ. ನಾನು ಆರಿಸಿದ್ದು ವಿಆರ್‌ಎಸ್ ಮಾದರಿ. ಅಲ್ಲಿ ಸರ್ವರ್ ಸುತ್ತಲಿನ ಹಲವು ಸ್ಟೇಷನ್‌ಗಳ ಲೆಕ್ಕ ಹಾಕಿ, ನಮ್ಮ ಪಕ್ಕದಲ್ಲೇ ಒಂದು ಬೇಸ್ ಇದ್ದರೆ ಹೇಗೋ ಹಾಗೆ ತಿದ್ದುಪಡಿ ತಯಾರಿಸಿ ಕಳಿಸುತ್ತದೆ. ಅದಕ್ಕೆ ನಾವು ಎಲ್ಲಿದ್ದೇವೆ ಅಂತ ಮೊದಲು ಗೊತ್ತಾಗಬೇಕಲ್ಲ? ರೋವರ್ ತನ್ನ ಅಂದಾಜು ಜಾಗವನ್ನು ಜಿಜಿಎ ಅನ್ನುವ ಒಂದು ಸಾಲಿನಲ್ಲಿ ಕಳಿಸುತ್ತಿರಬೇಕು. ನನ್ನ ಕಂಟ್ರೋಲರಿನಲ್ಲಿ ಆ ಆಯ್ಕೆ ಆಫ್ ಇತ್ತು. ಹೋಟೆಲಿಗೆ ಫೋನ್ ಮಾಡಿ "ಊಟ ಕಳಿಸಿ" ಅಂದು ವಿಳಾಸ ಹೇಳದೆ ಇಟ್ಟ ಹಾಗೆ.

ಆನ್ ಮಾಡಿದೆ. ಬೈಟ್‌ಗಳು ಓಡತೊಡಗಿದವು. ನನ್ನ ಜೊತೆಗಿದ್ದ ಹುಡುಗ ಸ್ಕ್ರೀನ್ ನೋಡಿ ಕೂಗಿದ: "ಸರ್, ಬೇಸ್ ಇಲ್ಲೇ ಉಂಟು! ಮೂರು ಮೀಟರ್ ದೂರ ಅಂತ ತೋರಿಸ್ತದೆ." ತೋಟದ ಯಜಮಾನರು ಆಚೀಚೆ ನೋಡಿದರು. ಅಡಿಕೆ ಮರ ಬಿಟ್ಟರೆ ಎಂಥದೂ ಇಲ್ಲ. ಆ ಬೇಸ್ ಇರುವುದು ಲೆಕ್ಕದಲ್ಲಿ ಮಾತ್ರ ಅಂತ ವಿವರಿಸಲಿಕ್ಕೆ ಒಂದು ಲೋಟ ಮಜ್ಜಿಗೆಯ ಹೊತ್ತು ಬೇಕಾಯಿತು.

ಬರುತ್ತಿದೆ, ಅರ್ಥ ಆಗುತ್ತಿಲ್ಲ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಸತಾಯಿಸಿದ್ದು ಇದೇ. ಲಾಗಿನ್ ಸರಿ. ಡೇಟಾ ಬರುತ್ತಿದೆ. ಬೇಸಿನ ದೂರವೂ ತೋರಿಸುತ್ತಿದೆ. ಆದರೂ ಸ್ಥಿತಿ "ಅಟಾನಮಸ್" ಅಂತಲೇ, ಅಂದರೆ ತಿದ್ದುಪಡಿ ಇಲ್ಲದೆಯೇ, ನಿಂತಿದೆ. ತಿದ್ದುಪಡಿಯ ವಯಸ್ಸು (ಅದು ಎಷ್ಟು ಸೆಕೆಂಡ್ ಹಳೇದು ಅಂತ) ತೋರಿಸುವ ಜಾಗದಲ್ಲಿ ಎರಡು ಗೆರೆ. ಫಿಕ್ಸ್ಡ್‌ಗೆ ಮೊದಲಿನ ಅರೆಬರೆ ಸ್ಥಿತಿಯಾದ ಫ್ಲೋಟ್ ಕೂಡ ಇಲ್ಲ.

ಉಪಕರಣ ಮಾರಿದವರಿಗೆ ಫೋನ್ ಮಾಡಿದೆ. "ನೆಟ್‌ವರ್ಕ್ ವೀಕ್ ಇರಬೇಕು, ಗುಡ್ಡೆ ಮೇಲೆ ಹೋಗಿ." ಹೋದೆ. ಅಲ್ಲಿಯೂ ಅದೇ. "ಮರದ ಅಡ್ಡ ಇರಬೇಕು." ಬೋಳು ಮುರಕಲ್ಲಿನ ಪಾರೆಯ ಮೇಲೆ ನಿಂತಿದ್ದೆ. ತಲೆ ಮೇಲೆ ಏಪ್ರಿಲ್ ತಿಂಗಳ ಬಿಸಿಲು ಬಿಟ್ಟರೆ ಬೇರೆ ಅಡ್ಡ ಇರಲಿಲ್ಲ. "ಹೊಸ ರಿಸೀವರ್ ತಗೊಳ್ಳಿ" ಅನ್ನುವ ಸಲಹೆ ಮೂರನೆಯದು.

ಮನೆಗೆ ಬಂದು ಕಂಟ್ರೋಲರಿನ ಒಳಗೆ ಬರುತ್ತಿದ್ದ ಸಂದೇಶಗಳ ಪಟ್ಟಿ ತೆರೆದೆ. ಅಲ್ಲಿ ಉತ್ತರ ಇತ್ತು.

ತಿದ್ದುಪಡಿ ಬರುವ ಭಾಷೆಯ ಹೆಸರು ಆರ್‌ಟಿಸಿಎಂ. ಒಂದೊಂದು ಬಗೆಯ ಸುದ್ದಿಗೆ ಒಂದೊಂದು ನಂಬರ್. ಬೇಸ್ ಎಲ್ಲಿದೆ ಅಂತ ಹೇಳುವುದು 1005 ಅಥವಾ 1006. ಜಿಪಿಎಸ್ ಉಪಗ್ರಹಗಳ ಅಳತೆ ಹಳೇ ಪದ್ಧತಿಯಲ್ಲಿ 1004, ರಷ್ಯಾದ ಗ್ಲೋನಾಸ್‌ದು 1012. 2013ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಎಂಎಸ್‌ಎಂ ಅನ್ನುವ ಹೊಸ ಗುಂಪು ಸೇರಿತು. ಅದರಲ್ಲಿ ಜಿಪಿಎಸ್‌ಗೆ 1074, ಗ್ಲೋನಾಸ್‌ಗೆ 1084, ಯುರೋಪಿನ ಗೆಲಿಲಿಯೊಗೆ 1094, ಚೀನಾದ ಬೈಡೂಗೆ 1124. ನಾನು ಆರಿಸಿದ ಮೌಂಟ್‌ಪಾಯಿಂಟಿನಿಂದ ಬರುತ್ತಿದ್ದದ್ದು ಈ ಹೊಸ ನಂಬರುಗಳು. ನನ್ನ ರಿಸೀವರ್ ಒಳಗಿನ ತಂತ್ರಾಂಶ ಅದಕ್ಕಿಂತ ಹಳೇದು.

ಹಾಗಾಗಿ ಅದು 1005ನ್ನು ಓದಿತು, ಬೇಸಿನ ದೂರ ತೋರಿಸಿತು. 1074 ಬಂದಾಗ ಗುರುತು ಹತ್ತದೆ ಸುಮ್ಮನೆ ಕೈಬಿಟ್ಟಿತು. ತಪ್ಪು ಸಂದೇಶ ಕೂಡ ತೋರಿಸಲಿಲ್ಲ. ಲಕೋಟೆ ಮೇಲಿನ ವಿಳಾಸ ಓದಲು ಬರುತ್ತದೆ, ಒಳಗಿನ ಪತ್ರ ಓದಲು ಬರುವುದಿಲ್ಲ, ಆದರೆ ಬರುವುದಿಲ್ಲ ಅಂತ ಹೇಳಲಿಕ್ಕೂ ನಾಚಿಕೆ. ಬೇಸಿನ ದೂರ ಕಾಣುತ್ತಿದ್ದದ್ದೇ ನನಗೆ ಮೋಸ ಮಾಡಿದ್ದು. ದೂರ ಗೊತ್ತಿದೆ ಅಂದರೆ ಉಳಿದದ್ದೂ ಗೊತ್ತಾಗುತ್ತಿದೆ ಅಂತ ನಾನು ಊಹಿಸಿಕೊಂಡೆ.

ಕಂಪನಿಯ ಜಾಲತಾಣದಲ್ಲಿ ಆ ಮಾಡೆಲಿಗೆ ಕೊನೆಯದಾಗಿ ಬಿಟ್ಟ ಫರ್ಮ್‌ವೇರ್ ಇತ್ತು. ಹಾಕಿಕೊಂಡೆ. ಹಾಕುವಾಗ ಕರೆಂಟ್ ಹೋದರೆ ಉಪಕರಣವೇ ಹೋಗುತ್ತದೆ ಅನ್ನುವ ಹೆದರಿಕೆಗೆ ಯುಪಿಎಸ್‌ಗೆ ಸಿಕ್ಕಿಸಿ, ರಾತ್ರಿ ಹನ್ನೊಂದರ ಮೇಲೆ ಮಾಡಿದೆ. ಮಾರನೆಯ ಬೆಳಿಗ್ಗೆ ಅದೇ ಪಾರೆಯ ಮೇಲೆ, ಫ್ಲೋಟ್, ಫ್ಲೋಟ್, ಹತ್ತು ಸೆಕೆಂಡಿನಲ್ಲಿ ಫಿಕ್ಸ್ಡ್. ವಯಸ್ಸು 1 ಸೆಕೆಂಡ್. ಖರ್ಚು ಸೊನ್ನೆ.

ಹೊಸ ರಿಸೀವರ್ ತಗೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ನನ್ನದಕ್ಕೆ ಗೆಲಿಲಿಯೊ, ಬೈಡೂ ಕಾಣುವುದೇ ಇಲ್ಲ. ಮರದ ನೆರಳಲ್ಲಿ ಹೊಸದು ಎಷ್ಟೋ ಮೇಲು. ಆದರೆ ತಗೊಳ್ಳುವ ಮೊದಲು ಆ ಸಂದೇಶಗಳ ಪಟ್ಟಿ ಒಮ್ಮೆ ತೆರೆದು ನೋಡಿ.

ಬೆಳಿಗ್ಗೆ ಸರಿ, ಮಧ್ಯಾಹ್ನ ಇಲ್ಲ

ಬೆಳಿಗ್ಗೆ ಎರಡು ಕಲ್ಲು ಮುಗಿಸಿ ಊಟಕ್ಕೆ ಎದ್ದೆವು. ಎರಡು ಗಂಟೆಗೆ ಬಂದರೆ ಫಿಕ್ಸ್ ನಿಲ್ಲುವುದಿಲ್ಲ. ಬರುತ್ತದೆ, ಹೋಗುತ್ತದೆ. ಸೆಟ್ಟಿಂಗ್ ಒಂದೂ ಬದಲಾಗಿಲ್ಲ.

ಇದಕ್ಕೆ ಕಾರಣ ಮೇಲಿದೆ. ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲಿನ ಅಯಾನುಗೋಳ. ಬಿಸಿಲಿಗೆ ಅಲ್ಲಿ ವಿದ್ಯುತ್ ಕಣಗಳು ಹೆಚ್ಚುತ್ತವೆ, ಮಧ್ಯಾಹ್ನ ಎರಡರ ಆಸುಪಾಸಿಗೆ ಅತಿ ಜಾಸ್ತಿ. ಅವು ಉಪಗ್ರಹದ ಸಂಕೇತವನ್ನು ತಡ ಮಾಡುತ್ತವೆ. ತಡ ಎಲ್ಲ ಕಡೆ ಒಂದೇ ಇದ್ದರೆ ತೊಂದರೆ ಇಲ್ಲ, ಬೇಸ್ ಅದನ್ನು ಕಳೆದುಬಿಡುತ್ತದೆ. ಆದರೆ ಕಾಂತೀಯ ಸಮಭಾಜಕದ ಹತ್ತಿರ ಇದು ಜಾಗದಿಂದ ಜಾಗಕ್ಕೆ ಬೇಗ ಬೇಗ ಬದಲಾಗುತ್ತದೆ. ಆ ರೇಖೆ ಹಾದುಹೋಗುವುದು ನಮ್ಮ ದೇಶದ ತೆಂಕು ತುದಿಯಲ್ಲಿ. 1963ರಲ್ಲಿ ಮೊದಲ ರಾಕೆಟ್ ಹಾರಿಸಲು ತಿರುವನಂತಪುರದ ಪಕ್ಕದ ತುಂಬಾವನ್ನು ಆರಿಸಿದ್ದೇ ಆ ರೇಖೆ ಅಲ್ಲಿ ಹಾದುಹೋಗುತ್ತದೆ ಅಂತ. ಉಡುಪಿ ಅಲ್ಲಿಂದ ಬಹಳ ದೂರ ಏನಲ್ಲ. ಜೊತೆಗೆ 2024 ಅಂದರೆ ಸೂರ್ಯನ 11 ವರ್ಷದ ಚಕ್ರದ ಏರುಹೊತ್ತು. ಮಾರ್ಚ್, ಏಪ್ರಿಲ್ ತಿಂಗಳು ಬೇರೆ. ಈ ತಿಂಗಳುಗಳಲ್ಲಿ ಸಂಜೆ ಸೂರ್ಯ ಮುಳುಗಿದ ಮೇಲೂ ಸಂಕೇತ ಮಿಣುಕುವ ಕಾಟ ಜಾಸ್ತಿ. ಯುರೋಪಿನವರು ಬರೆದ ಕೈಪಿಡಿಯಲ್ಲಿ ಇದಕ್ಕೆ ಅರ್ಧ ಸಾಲು ಜಾಗ ಸಿಕ್ಕರೆ ಹೆಚ್ಚು.

ಮದ್ದು ಸರಳ. ಬೆಳಿಗ್ಗೆ ಏಳರಿಂದ ಹನ್ನೊಂದೂವರೆ ತನಕ ರೋವರ್ ಕೆಲಸ. ಮಧ್ಯಾಹ್ನ ಟೋಟಲ್ ಸ್ಟೇಷನ್ (ಉಪಗ್ರಹ ಬೇಡದೆ ಕೋನ, ದೂರ ಅಳೆಯುವ ಯಂತ್ರ), ಇಲ್ಲ ಅಂದರೆ ನಿದ್ದೆ.

ಫಿಕ್ಸ್ ಬಂದರೂ ಒಮ್ಮೆಗೇ ನಂಬುವುದಿಲ್ಲ. ಜಿಪಿಎಸ್‌ನ ಎಲ್1 ಅಲೆಯ ಉದ್ದ ಸುಮಾರು 19 ಸೆಂಟಿಮೀಟರ್. ರಿಸೀವರ್ ಮಾಡುವುದು ಉಪಗ್ರಹಕ್ಕೂ ನಮಗೂ ನಡುವೆ ಇಂಥ ಅಲೆ ಎಷ್ಟು ಅಂತ ಎಣಿಸುವ ಕೆಲಸ. ಎಣಿಕೆ ಒಂದು ತಪ್ಪಿದರೂ ಸ್ಕ್ರೀನಿನಲ್ಲಿ "ಫಿಕ್ಸ್ಡ್" ಅಂತಲೇ ಬರಬಹುದು, ಜಾಗ ಮಾತ್ರ ಡೆಸಿಮೀಟರ್ ಲೆಕ್ಕದಲ್ಲಿ ಆಚೆ. ಹಾಗಾಗಿ ಪ್ರತಿ ಕಲ್ಲಿಗೂ ಒಮ್ಮೆ ಅಳೆದು, ಸಂಪರ್ಕ ಕಡಿದು, ಮತ್ತೆ ಹೊಸದಾಗಿ ಫಿಕ್ಸ್ ತಗೊಂಡು ಅಳೆದೆ. ಮಾರನೆ ದಿನ ಬೇರೆ ಹೊತ್ತಿಗೆ ಇನ್ನೊಮ್ಮೆ. ಮೂರೂ 2 ಸೆಂಟಿಮೀಟರ್ ಒಳಗೆ ಕೂತವು.

ನಡುವೆ ಹುಡುಗನಿಗೆ ಇನ್ನೊಂದು ಗಾಬರಿ. ಎತ್ತರ ಮೈನಸ್ 50ರ ಹತ್ತಿರ ತೋರಿಸುತ್ತಿತ್ತು. "ನಾವು ಸಮುದ್ರದ ಅಡಿಯಲ್ಲಿ ಉಂಟಾ ಸರ್?" ಉಪಕರಣ ಕೊಡುವುದು ಗಣಿತದ ಭೂಮಿಯಿಂದ (ಲೆಕ್ಕಕ್ಕೆಂದು ಕಲ್ಪಿಸಿಕೊಂಡ ನಯವಾದ ಭೂಮಿ) ಎತ್ತರ, ಸಮುದ್ರಮಟ್ಟದಿಂದ ಅಲ್ಲ. ಶ್ರೀಲಂಕಾದ ತೆಂಕಿಗೆ ಹಿಂದೂ ಮಹಾಸಾಗರದಲ್ಲಿ ಸಮುದ್ರಮಟ್ಟ ಆ ಗಣಿತದ ಮೈಗಿಂತ 100 ಮೀಟರಿಗೂ ಹೆಚ್ಚು ತಗ್ಗಿನಲ್ಲಿದೆ. ಜಗತ್ತಿನಲ್ಲೇ ಅತಿ ದೊಡ್ಡ ತಗ್ಗು. ಅದರ ಇಳಿಜಾರು ನಮ್ಮ ಕರಾವಳಿಗೂ ಚಾಚಿದೆ, ಇಲ್ಲಿ 80 ಮೀಟರಿಗಿಂತ ಜಾಸ್ತಿ ತಗ್ಗು. ಮಲ್ಪೆ ಬೀಚಿನಲ್ಲಿ ನಿಂತರೂ ಮೈನಸ್ಸೇ ಬರುತ್ತದೆ. ಹೆದರುವುದು ಬೇಡ, ಈ ವ್ಯತ್ಯಾಸದ ಲೆಕ್ಕ ಇರುವ ಜಿಯಾಯ್ಡ್ ಫೈಲ್ ಹಾಕಿದರೆ ಸರಿಹೋಗುತ್ತದೆ.

ನಾಲ್ಕು ಕಲ್ಲು, ಒಂದೇ ಉತ್ತರ

2021ರಲ್ಲಿ ಅಳೆದ ಕಲ್ಲುಗಳಲ್ಲಿ ನಾಲ್ಕು ಅಲುಗದೆ ಉಳಿದಿದ್ದವು. ತರಗೆಲೆ ಸರಿಸಿ, ಪೊದೆ ಕಡಿದು ಹುಡುಕಿದೆವು. ಎರಡಕ್ಕೆ ನಾನೇ ಹೊಡೆದ ಮೊಳೆ ಇನ್ನೂ ಇತ್ತು. ಹಳೇ ಪಟ್ಟಿಯ ನಂಬರಿನಿಂದ ಕಾರ್ಸ್ ಕೊಟ್ಟ ನಂಬರ್ ಕಳೆದೆ.

ಮೊದಲ ಕಲ್ಲು: ಪೂರ್ವಕ್ಕೆ 1.18 ಮೀಟರ್, ಉತ್ತರಕ್ಕೆ 1.11. ಎರಡನೆಯದು: 1.17, 1.12. ಮೂರನೆಯದು: 1.19, 1.10. ನಾಲ್ಕನೆಯದು ಮತ್ತೆ 1.18, 1.11. ಎತ್ತರದಲ್ಲಿ ಎಲ್ಲ ಕಡೆ 2.4 ಮೀಟರ್ ಆಸುಪಾಸು.

ಅಳತೆ ತಪ್ಪಿದ್ದರೆ ಒಂದು ಕಲ್ಲು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಹೋಗುತ್ತಿತ್ತು. ಇಲ್ಲಿ ಇಡೀ ತೋಟ, ಬಾವಿ, ಪಂಪ್ ಶೆಡ್ ಸಮೇತ, ಈಶಾನ್ಯಕ್ಕೆ 1.62 ಮೀಟರ್ ಒಟ್ಟಿಗೆ ನಡೆದಿದೆ. ಒಂದಕ್ಕೊಂದು ದೂರ ಸರಿ. ವಿಸ್ತೀರ್ಣ ಸರಿ. ಟೇಪಿನ ಅಳತೆ ಸರಿ. ನಕ್ಷೆಯನ್ನು ಭೂಮಿಯ ಮೇಲೆ ತೂಗುಹಾಕಿದ ಮೊಳೆ ಮಾತ್ರ ತಪ್ಪು ಜಾಗದಲ್ಲಿತ್ತು.

ಆ ಮೊಳೆ ನನ್ನ 2021ರ ಬೇಸ್. ಹಳೇ ಜಾಬ್ ಫೈಲ್ ತೆರೆದೆ. ಬೇಸಿನ ಜಾಗದ ಎದುರು "ಹಿಯರ್" ಅಂತ ಇತ್ತು. ಅಂದರೆ ಬೇಸ್ ನಿಲ್ಲಿಸಿ, ಅದಕ್ಕೆ ತಾನು ಎಲ್ಲಿದ್ದೇನೆ ಅಂತ ತಿದ್ದುಪಡಿ ಇಲ್ಲದೆ ಅನಿಸಿತೋ ಅದನ್ನೇ ಗುಂಡಿ ಒತ್ತಿ ಒಪ್ಪಿಕೊಂಡಿದ್ದೆ. ಪೈಪ್ ಹಾಕುವ ಕೆಲಸಕ್ಕೆ ಅಷ್ಟು ಸಾಕಿತ್ತು. ರೋವರಿನ ಎಲ್ಲ ಅಳತೆಗಳೂ ಬೇಸಿಗೆ ಹೋಲಿಸಿ ಸೆಂಟಿಮೀಟರ್ ಮಟ್ಟದಲ್ಲಿ ಸರಿ. ಬೇಸ್ ಒಂದೂವರೆ ಮೀಟರ್ ತಪ್ಪು. ಕಾರ್ಸ್ ಬಳಸಿದ ಸರ್ವೆಯರ್ ನಿಜವಾದ ಜಾಗಕ್ಕೆ ಹೋಗಿದ್ದಾರೆ. ನಾನು ಕೊಟ್ಟ ನಂಬರ್ ಅಲ್ಲಿ ಬೇರೆ ಜಾಗದ್ದಾಗಿತ್ತು. ಅವರು ಉಳಿದ ಒಂದು ಕಲ್ಲಿನ ಮೇಲೆ ರೋವರ್ ಇಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು ನಿಜ. ಅವರ ಜಾಗದಲ್ಲಿ ನಾನಿದ್ದರೆ ನೋಡುತ್ತಿದ್ದೆನಾ? ಮೂರು ದಶಾಂಶ ಕಂಡರೆ ಯಾರಿಗಾದರೂ ನಂಬಿಕೆ ಬರುತ್ತದೆ ಅಲ್ವಾ.

ಒಬ್ಬ ಪರಿಚಿತ ಎಂಜಿನಿಯರ್ "ಭೂಫಲಕ ಚಲಿಸುತ್ತದಲ್ಲ, ಅದರಿಂದ ಇರಬೇಕು" ಅಂದರು. ಚಂದದ ವಿವರಣೆ, ನನ್ನ ಮಾನ ಉಳಿಸುವಂಥದ್ದು. ಆದರೆ ಭಾರತದ ಫಲಕ ಈಶಾನ್ಯಕ್ಕೆ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತದೆ. ಮೂರು ವರ್ಷಕ್ಕೆ 15. ದಿಕ್ಕು ಏನೇ ಇರಲಿ, 162 ಆಗುವುದಿಲ್ಲ.

ಅಡಿಕೆಯ ಒಳಗಿನ ಎರಡು ಮೂಲೆಗೆ ಆಕಾಶ ಕಾಣುವುದಿಲ್ಲ. ಅಲ್ಲಿ ಹೊರಗಿನ ಎರಡು ಬಿಂದುಗಳಿಂದ ಟೋಟಲ್ ಸ್ಟೇಷನ್ ಹಾಕಿದೆ. ಆ ಎರಡು ಬಿಂದುಗಳ ನಡುವೆ ಟೋಟಲ್ ಸ್ಟೇಷನ್ 412.38 ಮೀಟರ್ ಅಂದಿತು, ಕೋಆರ್ಡಿನೇಟ್ ಲೆಕ್ಕ 412.22. ಮತ್ತೆ 16 ಸೆಂಟಿಮೀಟರ್! ಇದು ತಪ್ಪಲ್ಲ. ನಮ್ಮ ಕೋಆರ್ಡಿನೇಟ್ ಇರುವುದು ಯುಟಿಎಂನಲ್ಲಿ, ಅಂದರೆ ಉರುಟು ಭೂಮಿಯನ್ನು ವಲಯಗಳಾಗಿ ಸೀಳಿ ಚಪ್ಪಟೆ ನಕ್ಷೆಗೆ ಇಳಿಸುವ ಪದ್ಧತಿಯಲ್ಲಿ. ಯುಟಿಎಂನಲ್ಲಿ ನಾವು 43ನೇ ವಲಯ, ಅದರ ನಡುಗೆರೆ 75 ಡಿಗ್ರಿ ರೇಖಾಂಶ. ಉಡುಪಿ, ಮಂಗಳೂರು ಎರಡೂ ಆ ಗೆರೆಗೆ ಹತ್ತಿರ. ಅಲ್ಲಿ ನಕ್ಷೆಯ ಅಳತೆ ನೆಲದ ಅಳತೆಯ 0.9996 ಪಾಲು. ಕಿಲೋಮೀಟರಿಗೆ 40 ಸೆಂಟಿಮೀಟರ್ ಕಡಿಮೆ ಬರಲೇಬೇಕು. 6 ಎಕರೆ 40 ಸೆಂಟ್ಸ್‌ಗೆ ಲೆಕ್ಕ ಹಾಕಿದರೆ ಅರ್ಧ ಸೆಂಟ್, ಅಂದರೆ 200 ಚದರ ಅಡಿಗಿಂತ ಸ್ವಲ್ಪ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಅರ್ಧ ಸೆಂಟಿಗೆ ಕೋರ್ಟು ಹತ್ತಿದವರಿದ್ದಾರೆ. ಹಾಗಾಗಿ ಹೊಸ ನಕ್ಷೆಯಲ್ಲಿ ನೆಲದ ಅಳತೆ, ಗ್ರಿಡ್ (ಯುಟಿಎಂ ಲೆಕ್ಕದ) ಅಳತೆ ಎರಡನ್ನೂ ಬರೆದೆ.

ಆಮೇಲೆ

ಇಬ್ಬರು ಯಜಮಾನರನ್ನೂ ಬಾವಿಕಟ್ಟೆಯ ಹತ್ತಿರ ಕೂರಿಸಿ ಹೇಳಿದೆ: ತಪ್ಪು ನನ್ನ ಪಟ್ಟಿಯದ್ದು. ನೆರೆಯವರದ್ದೂ ಅಲ್ಲ, ಅವರ ಸರ್ವೆಯರದ್ದೂ ಅಲ್ಲ. ತಿದ್ದಿದ ನಂಬರಿಗೆ ರೋವರ್ ಹಿಡಿದಾಗ ಕೋಲಿನ ತುದಿ ನಿಂತದ್ದು ಜೆಸಿಬಿ ಕಿತ್ತ ಹಳೇ ಗುಂಡಿಯ ಅಂಚಿನಲ್ಲಿ. ಬಾವಿಕಟ್ಟೆಯಿಂದ ಟೇಪ್ ಹಿಡಿದೆವು, 14.21. ನೆರೆಯವರು ಟೇಪಿನ ಇನ್ನೊಂದು ತುದಿಯನ್ನು ತಾವೇ ಹಿಡಿದಿದ್ದರು. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ.

ಆದರೂ ಗಡಿ ಇದೇ ಅಂತ ಹೇಳುವ ಅಧಿಕಾರ ನನಗಿಲ್ಲ. ಹದ್ದುಬಸ್ತಿಗೆ ಅರ್ಜಿ ಹಾಕಿ, ಸರಕಾರಿ ಭೂಮಾಪಕರು ಬಂದು ತೋರಿಸಿದ ಮೇಲೆ ಕಾಂಪೌಂಡ್ ಕಟ್ಟಿ ಅಂದೆ. ಇಬ್ಬರೂ ಸೇರಿ ಅರ್ಜಿ ಹಾಕಿದರು. ಹೊಸ ಪಟ್ಟಿಗೆ ನಾನು ದುಡ್ಡು ತಗೊಳ್ಳಲಿಲ್ಲ. ಅದರ ಕೆಳಗೆ ಈಗ ನಾಲ್ಕು ಸಾಲು ಇದೆ: ಯಾವ ಜಾಲ, ಯಾವ ಮೌಂಟ್‌ಪಾಯಿಂಟ್, ಯಾವ ದಿನಾಂಕ, ಯಾವ ವಲಯ. ದಶಾಂಶ ಎರಡಕ್ಕೆ ಇಳಿಸಿದ್ದೇನೆ.

ಆ ರಾತ್ರಿ ಹಳೇ ಫೈಲ್‌ಗಳನ್ನೆಲ್ಲ ತೆರೆದು ನೋಡಿದೆ. 2019ರಿಂದ 2022ರ ನಡುವೆ "ಹಿಯರ್" ಒತ್ತಿದ ಜಾಬ್ ಇನ್ನೂ ಹನ್ನೊಂದು ಇದ್ದವು. ಬ್ರಹ್ಮಾವರದಲ್ಲಿ ಮೂರು, ಕಾರ್ಕಳ ಕಡೆ ಐದು, ಕಾಪುವಿನಲ್ಲಿ ಎರಡು, ಮೂಡುಬಿದಿರೆಯಲ್ಲಿ ಒಂದು. ಎಲ್ಲರಿಗೂ ಫೋನ್ ಮಾಡಿ, ಆ ನಂಬರ್ ಹಿಡಿದು ಕಲ್ಲು ಹಾಕಬೇಡಿ ಅಂತ ಹೇಳಿದೆ. ಇಬ್ಬರು ಬೈದರು. ಮಳೆ ಶುರುವಾಗುವ ಮೊದಲು ನಾಲ್ಕು ಕಡೆ ಹೋಗಿ ತಿದ್ದಿ ಬಂದೆ. ಸರಿದದ್ದು ಒಂದೊಂದು ಕಡೆ ಒಂದೊಂದು ದಿಕ್ಕಿಗೆ, ಒಂದು ಕಡೆಯಂತೂ ಮೂರು ಮೀಟರ್ ಹತ್ತಿರ. ಏಳು ಬಾಕಿ ಉಳಿದವು. ಕಾರ್ಕಳದ ಒಂದು ಜಾಗದಲ್ಲಿ ಹಳೇ ಕಲ್ಲು ಒಂದೂ ಉಳಿದಿಲ್ಲ ಅಂತ ಯಜಮಾನರು ಹೇಳಿದ್ದಾರೆ. ಅಲ್ಲಿಗೆ ಹೋಗುವಾಗ ಫೀಲ್ಡ್ ಪುಸ್ತಕ, ಟೇಪ್ ಎರಡನ್ನೂ ಹಿಡಿದುಕೊಳ್ಳಬೇಕು. ಅಲ್ಲಿಯೂ ಒಂದು ಬಾವಿ ಇತ್ತು ಅಂತ ನೆನಪು.